ಟೊಮೇಟೊ ಹಣ್ಣಿನ ದಾರ್ಢ್ಯವೂ ವಂಶವಾಹಿಗಳ ಸ್ಥಾನನಿರ್ಣಯವೂ

ತೋಟದಿಂದ ದೂರದ ಪೇಟೆಗೆ ಸಾಗುವ ಟೊಮೇಟೊ ಹಣ್ಣು ದಾರಿಯಲ್ಲಿ ಜಜ್ಜಿಹೋಗದಿರಬೇಕಾದರೆ ಅದಕ್ಕೆ ದಾರ್ಢ್ಯ, ಎಂದರೆ ಗಟ್ಟಿತನ, ಬೇಕು. ಆದರೆ ಗಟ್ಟಿಯಾದ ಹಣ್ಣಿನಲ್ಲಿ ರುಚಿಯಿಲ್ಲವೆಂಬ ದೂರೂ ಉಂಟು. ಇವೆರಡೂ ಒಂದೇ ಹಣ್ಣಿನಲ್ಲಿ ನೆಲೆಸಲಾರವೆ? ವಂಶವಾಹಿಗಳ ಸ್ಥಾನನಿರ್ಣಯದಿಂದ ಈ ಪ್ರಶ್ನೆಗೆ ದೊರೆತಿರುವ ಉತ್ತರವನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಟೊಮೇಟೊ ಗಿಡದ ಜೀವಕೋಶದಲ್ಲಿ 12 ಜೊತೆ ವರ್ಣತಂತುಗಳಿವೆ. ವಂಶವಾಹಿಗಳು ಅವುಗಳ ಮೇಲೆ ಮಾಲೆಯ ಮಣಿಗಳಂತೆ ಸಾಲಾಗಿರುವುವು. ಪರಾಗವೂ ಅಂಡವೂ ಉಂಟಾಗುವಾಗ ಜೊತೆಯ ತಂತುಗಳು ತಮ್ಮ ಭಾಗಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವುವು. ಹತ್ತಿರವಿರುವ ವಂಶವಾಹಿಗಳು ಆಗ ಅಗಲುವುದು ವಿರಳ; ದೂರವಿರುವುವು ಸುಲಭವಾಗಿ ಅಗಲುವುವು. ನೂರರಲ್ಲಿ ಒಂದು ಸಲ ಅಗಲಿದರೆ ಅವುಗಳ ಅಂತರವನ್ನು ಒಂದು ಸೆಂಟಿಮಾರ್ಗನ್ ಎನ್ನುವರು. ಈ ಲೆಕ್ಕದಿಂದ ಮೊದಲ ನಕ್ಷೆಯನ್ನು 1913ರಲ್ಲಿ ಸ್ಟರ್ಟೆವಂಟನು ಹಣ್ಣಿನ ನೊಣದ ವಿಷಯದಲ್ಲಿ ರಚಿಸಿದನು.

ದಾರ್ಢ್ಯವಾದರೋ ಉಂಟು ಇಲ್ಲವೆಂದು ಎರಡಾಗಿ ಒಡೆಯುವ ಗುಣವಲ್ಲ, ಹೆಚ್ಚು ಕಡಿಮೆಯೆಂದು ಅಳೆಯತಕ್ಕ ಗುಣ. ಅನೇಕ ವಂಶವಾಹಿಗಳಿಂದ ಕೂಡಿ ಆದುದು. ಆದಕಾರಣ ಗಟ್ಟಿ ಹಣ್ಣಿನ ತಳಿಯನ್ನು ಮೆತ್ತನೆಯ ತಳಿಯೊಡನೆ ಸಂಕರಮಾಡಿ, ಮುಂದಿನ ತಲೆಮಾರುಗಳ ಒಂದೊಂದು ಗಿಡದ ಹಣ್ಣನ್ನೂ ಒತ್ತಿ ಅಳೆದು, ತಂತುಗಳ ಮೇಲಣ ಗುರುತುಗಳೊಡನೆ ಹೋಲಿಸುವರು. ಯಾವ ಗುರುತು ಇದ್ದಲ್ಲಿ ದಾರ್ಢ್ಯವು ಹೆಚ್ಚುವುದೋ, ಇಲ್ಲದಲ್ಲಿ ತಗ್ಗುವುದೋ, ಅದರ ಬಳಿಯೇ ಕಾರಣವಿರಬೇಕು. ನಮ್ಮ ಶಾಸ್ತ್ರಕಾರರ ಅನ್ವಯವ್ಯತಿರೇಕ ನ್ಯಾಯವೇ ಇದು. 1988ರಲ್ಲಿ ಪ್ಯಾಟರ್ಸನ್, ಟ್ಯಾಂಕ್ಸ್‌ಲಿ ಮೊದಲಾದವರು ಟೊಮೇಟೊವಿನ ತೂಕ, ರಸದ ಘನಾಂಶ, ಹುಳಿ ಇವುಗಳ ಸ್ಥಾನಗಳನ್ನು ಹೀಗೆಯೇ ಗೊತ್ತುಮಾಡಿದರು.

ಹಣ್ಣು ಮೆತ್ತಗಾಗುವುದಕ್ಕೆ ಕೋಶಭಿತ್ತಿಯ ಪೆಕ್ಟಿನ್ ಕರಗುವುದು ಒಂದು ಕಾರಣ. ಅದನ್ನು ಕತ್ತರಿಸುವ ಒಂದು ಕಿಣ್ವವನ್ನು ತಗ್ಗಿಸಿದ ಫ್ಲೇವರ್ ಸೇವರ್ ಎಂಬ ಟೊಮೇಟೊ 1994ರಲ್ಲಿ ಅಮೆರಿಕದ ಪೇಟೆಗೆ ಬಂದಿತು; ಎಣಿಸಿದಷ್ಟು ದಾರ್ಢ್ಯವು ಸಿದ್ಧಿಸಲಿಲ್ಲ. ಐದನೆಯ ವರ್ಣತಂತುವಿನಲ್ಲಿರುವ ರಿನ್ ಎಂಬ ವಿಕೃತಿಯು ಮಾಗುವಿಕೆಯನ್ನೇ ತಡೆಯುವುದು. ಅದರ ವಂಶವಾಹಿಯು ಇಂಥದೆಂದು 2002ರಲ್ಲಿ ತಿಳಿಯಿತು. ಅದನ್ನು ಸೇರಿಸಿದ ಸಂಕರತಳಿಗಳ ಹಣ್ಣು ಬಹುಕಾಲ ಕೆಡದು. ಆದರೆ ಬಣ್ಣವೂ ಪರಿಮಳವೂ ಕುಗ್ಗುವುವು. ಮೇಲೆ ಹೇಳಿದ ದೂರಿಗೆ ಇದೊಂದು ಮೂಲ.

ಹಾಗಾದರೆ ದಾರ್ಢ್ಯಕ್ಕೆ ರುಚಿಯನ್ನು ತೆತ್ತೇ ತೀರಬೇಕೆ ಎಂದರೆ, ಹಾಗಲ್ಲ. ಪೆಕ್ಟೇಟ್ ಲಯೇಸ್ ಎಂಬ ಬೇರೊಂದು ಕಿಣ್ವವನ್ನು ಅಡಗಿಸಿದಾಗ ಮಾಗುವಿಕೆಯ ಉಳಿದ ಕ್ರಮ ಕೆಡದೆ ಹಣ್ಣು ಗಟ್ಟಿಯಾಗುವುದೆಂದು 2016ರಲ್ಲಿ ಕಂಡುಬಂದಿತು. 2020ರಲ್ಲಿ ಚೀನದ ವಿದ್ವಾಂಸರು ಕಾಡುಜಾತಿಗೂ ಕೃಷಿಯ ಜಾತಿಗೂ ಇರುವ ದಾರ್ಢ್ಯಭೇದವನ್ನು ಸ್ಥಾನನಿರ್ಣಯದಿಂದ ಶೋಧಿಸಿ, ಎಫ್‌ಐಎಸ್1 ಎಂಬ ವಂಶವಾಹಿಯನ್ನು ಪ್ರಕಟಿಸಿದರು. ಜಿಬ್ಬೆರೆಲಿನ್ ಎಂಬ ಬೆಳವಣಿಗೆಯ ರಸವನ್ನು ಕುಂದಿಸುವುದು ಇದರ ಕೆಲಸ. ಇದು ಕೆಟ್ಟರೆ ಆ ರಸವು ಹೆಚ್ಚಿ, ಸಿಪ್ಪೆಯಲ್ಲಿ ಕ್ಯೂಟಿನ್ ಮತ್ತು ಮೇಣಗಳು ಬೆಳೆದು, ಹಣ್ಣು ಗಟ್ಟಿಯಾಗುವುದು. ತೂಕಕ್ಕೂ ರುಚಿಗೂ ಹಾನಿಯಿಲ್ಲ.

ದಾರ್ಢ್ಯವೆಂಬ ಶಬ್ದ ಒಂದೇ ಆದರೂ ಅದರ ಕಾರಣಗಳು ಹಲವು: ಸಿಪ್ಪೆಯದು ಬೇರೆ, ಕೋಶಭಿತ್ತಿಯದು ಬೇರೆ, ಮಾಗದಿರುವುದರಿಂದ ಬಂದುದು ಬೇರೆ. ಇವನ್ನು ವಿಂಗಡಿಸಿ ತೋರಿಸಿದುದೇ ನಕ್ಷೆಯ ಮಹೋಪಕಾರ. ರುಚಿಯನ್ನು ಕಳೆಯದ ಕಾರಣವನ್ನು ಆರಿಸಿಕೊಳ್ಳುವುದು ಇನ್ನು ತಳಿಗಾರರ ವಿವೇಕಕ್ಕೆ ಸೇರಿದುದು.