ಪೀಸಿನ ಮೇಲೆ ಹೊಲಿಯುವಾಕೆಯೂ ಕೆಲಸಗಾರ್ತಿಯೇ

ಬೋರಗಾಂವ, ನಿಪ್ಪಾಣಿ ಕಡೆ ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟು ವ್ಯವಹಾರ ನಡೆಸುವ ಹೆಣ್ಣುಮಕ್ಕಳು ಆರ್ಡರ್ ಹೆಚ್ಚಾದಾಗ ಓಣಿಯ ಇಬ್ಬರು ಮೂವರಿಗೆ ಬ್ಲೌಸ್ ಕತ್ತರಿಸಿ ಕೊಡುವುದುಂಟು. ಕೇಳಿದರೆ, "ಅಕಿ ನನ್ನ ಆಳಲ್ರಿ, ಪೀಸಿನ ಮ್ಯಾಲೆ ಹೊಲೀತಾಳ" ಅನ್ನುತ್ತಾರೆ. ಕಾನೂನು ಇದನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ ನೋಡ್ರಿ.

ಬೀಡಿ ಕಟ್ಟುವುದು ನಮ್ಮ ಭಾಗಕ್ಕೆ ಹೊಸದಲ್ಲ. ಮನೆಯಲ್ಲಿ ಕೂತು ಕಟ್ಟುವವರಿಗೂ ಪಿ.ಎಫ್. ಕೊಡಬೇಕೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1985ರಲ್ಲಿ ಹೌದು ಎಂದಿತು. ಎಲ್ಲಿ ಕೂತು ಕಟ್ಟಿದರೇನು, ಸರಿಯಿಲ್ಲದ ಬೀಡಿ ಬೇಡವೆನ್ನುವ ಅಧಿಕಾರ ಮಾಲೀಕನ ಕೈಯಲ್ಲೇ ಇದೆಯಲ್ಲ! ಅದಕ್ಕೂ ಮೊದಲು 1973ರಲ್ಲಿ, ಪೀಸಿನ ಲೆಕ್ಕದ ದರ್ಜಿಗಳೂ ಟೇಲರಿಂಗ್ ಅಂಗಡಿಯ ಕೆಲಸಗಾರರೇ ಎಂದು ಅದೇ ಕೋರ್ಟ್ ಹೇಳಿತ್ತು. ಮಷಿನ್ ಅಂಗಡಿಯದು, ಹೊಲಿಗೆ ಕೆಟ್ಟರೆ ಬಿಚ್ಚಿ ಹೊಲಿ ಎನ್ನುವವರೂ ಅಂಗಡಿಯವರೇ.

ನೀವೂ ಹುಕ್ಕು ಸರಿಯಿಲ್ಲವೆಂದು ವಾಪಸ್ ಕಳಿಸುತ್ತೀರಿ ತಾನೇ?

ಹಾಗಂತ ಗಾಬರಿ ಬೇಡ. ಪಿ.ಎಫ್. ಸಾಮಾನ್ಯವಾಗಿ 20 ಜನರಿದ್ದಾಗ ಬರುವ ಮಾತು. ಕನಿಷ್ಠ ಕೂಲಿಗೆ ಆ ರಿಯಾಯಿತಿ ಇಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಲ್ಲಿ ಅದು ಎಲ್ಲ ಉದ್ಯೋಗಕ್ಕೂ, ಪೀಸ್ ರೇಟಿಗೂ ಅನ್ವಯ. ಈಗಿನ ದರ ಎಷ್ಟೆಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ. ಇನ್ನು, 14 ತುಂಬದ ಪಕ್ಕದ ಮನೆ ಹುಡುಗಿಯನ್ನು ಗುಂಡಿ ಹಚ್ಚಲು ಕೂರಿಸಬೇಡಿ, ಅದು ಅಪರಾಧ.

ದೀಪಾವಳಿ ಗದ್ದಲದಲ್ಲಿ ಬಾಯಿಲೆಕ್ಕ ತಪ್ಪಿ ಗೆಳತಿಯರೇ ಮಾತು ಬಿಡುತ್ತಾರೆ. ಎರಡು ನೋಟ್‌ಬುಕ್ ತನ್ನಿ. ತಾರೀಖು, ಕೊಟ್ಟ ಪೀಸು, ದರ, ಮುಂಗಡ, ಕೊಟ್ಟ ಹಣ ಬರೆದು ಇಬ್ಬರೂ ಸಹಿ ಹಾಕಿ, ಒಂದು ಆಕೆಯ ಹತ್ತಿರವೇ ಇರಲಿ.