ಗಂಟಿಲ್ಲದ ಕಟ್ಟು

ಸಹೋದರಿಯರೇ, ಮುಂದೆ ಓದುವ ಮೊದಲು ನಿಮ್ಮ ಅಡಿಗೆಮನೆಯ ಕಟ್ಟೆಯನ್ನೊಮ್ಮೆ ನೋಡಿ ಬನ್ನಿ. ಮಿಕ್ಸರಿನ ವೈರು ನೀರಿನ ತಂಬಿಗೆಗೆ ಸುತ್ತಿಕೊಂಡಿದೆಯೇ? ಅರ್ಧ ಖಾಲಿಯಾದ ಅವಲಕ್ಕಿ ಚೀಲದ ಬಾಯಿಗೆ ಹಳೆಯ ಸೀರೆಯ ಚಿಂದಿ ಬಿಗಿದಿದೆಯೇ? ಮೂಲೆಗೆ ನಿಲ್ಲಿಸಿದ ಚಾಪೆ ತಾನೇ ಬಿಚ್ಚಿಕೊಂಡು ನೆಲದ ಮೇಲೆ ಮಲಗಿದೆಯೇ? ಹಾಗಾದರೆ ನಿಮ್ಮ ಮನೆಯೂ ನಮ್ಮ ಮನೆಯಂಥದೇ! ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ದಿನಕ್ಕೆ ಎಷ್ಟು ಸಲ ಈ ಕೆಲಸ ಮಾಡುತ್ತೇವೆಂದು ನಾವು ಯಾರೂ ಎಣಿಸುವುದಿಲ್ಲ. ಬೆರಳು ಗಟ್ಟಿಯಾಗಿರುವ ತನಕ ಎಣಿಸುವ ಪ್ರಸಂಗವೂ ಬರುವುದಿಲ್ಲ.

ನಮ್ಮ ಅತ್ತೆಯವರಿಗೆ ಆ ಪ್ರಸಂಗ ಬಂದಿತ್ತು. ಅದು ನನಗೆ ತಿಳಿದದ್ದು ತಡವಾಗಿ.

ನಮ್ಮದು ರೋಣ. ಅತ್ತೆಯವರ ತಂಗಿಯ ಮನೆ ನರಗುಂದದಲ್ಲಿ. ಸುಗ್ಗಿ ಮುಗಿದ ಮೇಲೆ ಎಂಟು ದಿನ ತಂಗಿಯ ಮನೆಗೆ ಹೋಗಿ ಬರುವುದು ಅವರ ಪದ್ಧತಿ. ಒಂದು ಕೌದಿ, ಎರಡು ಇಳಕಲ್ಲ ಸೀರೆ, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಬುತ್ತಿ. ಎಲ್ಲ ಸೇರಿಸಿ ಕಟ್ಟಿದ ಗಂಟನ್ನು ಬಗಲಿಗೆ ಇಟ್ಟುಕೊಂಡು ಒಬ್ಬರೇ ಬಸ್ಸು ಹತ್ತುವವರು. ಅಂಥವರು ಎರಡು ವರ್ಷ ಹೋಗಲೇ ಇಲ್ಲ. ಕೇಳಿದರೆ, "ಬಿಸಲ ಭಾಳ ಐತಿ ಬಿಡ ನನ್ನವ್ವಾ, ಈಗೇನ್ ಹೋಗೂದು" ಎಂದು ಮಾತು ಹಾರಿಸುತ್ತಿದ್ದರು.

ಒಂದು ಮಧ್ಯಾಹ್ನ ಅವರ ಕೋಣೆಗೆ ಹೋದಾಗ ಹಾಸಿಗೆಯ ಗಂಟನ್ನು ಹಲ್ಲಿನಿಂದ ಜಗ್ಗುತ್ತಿದ್ದರು. ಸಂಧಿವಾತದಿಂದ ಅವರ ಬೆರಳಿನ ಗೆಣ್ಣುಗಳು ಬಾತುಕೊಂಡು ಬಹಳ ದಿನಗಳಾಗಿದ್ದವು. ನನ್ನನ್ನು ಕಂಡೊಡನೆ ಗಂಟಿನ ಮೇಲೆ ಸೆರಗು ಎಳೆದುಕೊಂಡರು. ಆಮೇಲೆ ಮೆಲ್ಲಗೆ, "ಆಕಿ ಮನಿಗೆ ಹೋಗಿ ಗಂಟ ಬಿಚ್ಚಿ ಕೊಡ್ರಿ, ಕುಪ್ಪಸ ಕಟ್ರಿ ಅಂತ ಸೊಸಿಯಂದಿರ್ನ ಕೇಳ್ಲೇನ?" ಎಂದರು. ಅವರನ್ನು ಮನೆಯಲ್ಲಿ ಕೂಡಿಸಿದ್ದು ಬಿಸಿಲಲ್ಲ, ಗಂಟು!

ಆವತ್ತು ನನಗೆ ನೆನಪಾದದ್ದು ಮಗನ ಬೂಟಿನ ಪಟ್ಟಿ. ಒತ್ತಿದರೆ ಹಿಡಿಯುತ್ತದೆ, ಎಳೆದರೆ "ಚರ್ರ್" ಎಂದು ಬಿಡುತ್ತದೆ. ಇದನ್ನೇ ಸಾಮಾನು ಕಟ್ಟಲು ಬಳಸಿದರೆ ಹೇಗೆ?

ಎಲ್ಲಿಂದ ಬಂತು ಈ ಪಟ್ಟಿ?

ಅಂಗಡಿಯಲ್ಲಿ 'ವೆಲ್ಕ್ರೋ' ಎಂದು ಕೇಳಿದರೆ ಕೊಡುತ್ತಾರೆ. ನಿಜವಾಗಿ ಅದು ಒಂದು ಕಂಪನಿಯ ಹೆಸರು. ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಎಂಬ ಎಂಜಿನಿಯರು ನಾಯಿಯನ್ನು ಕರೆದುಕೊಂಡು ಬೆಟ್ಟದಲ್ಲಿ ತಿರುಗಾಡಿ ಬಂದರು. ಅವರ ಬಟ್ಟೆಗೂ ನಾಯಿಯ ಕೂದಲಿಗೂ ಮುಳ್ಳುಕಾಯಿ ಅಂಟಿಕೊಂಡಿದ್ದವು. ನಮ್ಮಲ್ಲಿ ಹೊಲದ ಬದುವಿನ ಮೇಲೆ ನಡೆದರೆ ಸೀರೆಯ ನಿರಿಗೆಗೆ ಉತ್ತರಾಣಿ ಅಂಟುವುದಿಲ್ಲವೇ, ಹಾಗೆ. ನಾವು ಬೈದುಕೊಂಡು ಕಿತ್ತು ಬಿಸಾಡುತ್ತೇವೆ. ಅವರು ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಒಂದೊಂದು ಮುಳ್ಳಿನ ತುದಿಯೂ ಕೊಕ್ಕೆಯ ಹಾಗೆ ಬಾಗಿತ್ತು. ಆ ಕೊಕ್ಕೆಯನ್ನು ನೈಲಾನಿನಲ್ಲಿ ಮಾಡಿ ಪೇಟೆಂಟು ಪಡೆಯುವ ಹೊತ್ತಿಗೆ 1955 ಆಗಿತ್ತು. ಹೆಸರನ್ನು ಫ್ರೆಂಚಿನ ಎರಡು ಮಾತು ಕೂಡಿಸಿ ಮಾಡಿದರು. ಒಂದು ಮಖಮಲ್ಲಿನದು, ಇನ್ನೊಂದು ಕೊಕ್ಕೆಯದು. ಆ ಎರಡನೆಯ ಮಾತೇ ನಾವು ಕೈಯಲ್ಲಿ ಹಿಡಿಯುವ ಕ್ರೋಶಾ! ಮುಂದೆ ಚಂದ್ರನಿಗೆ ಹೋದ ಅಪೊಲೊ ನೌಕೆಗಳಲ್ಲಿ ಸಾಮಾನು ತೇಲಿ ಹೋಗದಂತೆ ಹಿಡಿದಿಟ್ಟದ್ದೂ ಇಂಥದೇ ಪಟ್ಟಿ.

ಇದಕ್ಕೆ ಎರಡು ಮುಖ. ಒರಟು ಮುಖದಲ್ಲಿ ಸಣ್ಣ ಕೊಕ್ಕೆಗಳು, ಮೆತ್ತನೆಯ ಮುಖದಲ್ಲಿ ದಾರದ ಕುಣಿಕೆಗಳು. ಉದ್ದಕ್ಕೆ ಜಗ್ಗಿದರೆ ಎಲ್ಲ ಕೊಕ್ಕೆಗಳೂ ಒಟ್ಟಿಗೆ ಹಿಡಿಯುವುದರಿಂದ ಬಿಡುವುದಿಲ್ಲ. ತುದಿ ಎತ್ತಿ ಸುಲಿದರೆ ಒಂದೊಂದೇ ಸಾಲು ಬಿಡುವುದರಿಂದ ಮಕ್ಕಳ ಕೈಗೂ ಬಿಚ್ಚುತ್ತದೆ. ಅತ್ತೆಯವರ ಕೈಗೂ.

ಇದನ್ನೆಲ್ಲ ಅತ್ತೆಯವರಿಗೆ ಹೇಳಿದೆ. ನಕ್ಕುಬಿಟ್ಟರು. "ಇದರಾಗೇನ್ ದೊಡ್ಡದೈತಿ? ಜ್ವಾಳದ ಸೂಡಿಗೆ ಯಾರರ ಗಂಟ ಹಾಕ್ತಾರೇನ? ದಂಟ ಸುತ್ತಿ, ತಿರುವಿ, ತುದಿ ಒಳಗ ಸಿಗಸೂದು. ಬೇಕಾದಾಗ ಜಗ್ಗಿದ್ರ ಬಿಚ್ಚತೈತಿ" ಎಂದರು. ಸುಳ್ಳೇನು? ಗಂಟಿಲ್ಲದ ಕಟ್ಟು ನಮ್ಮ ಎರೆಹೊಲಗಳಿಗೆ ಹೊಸದಲ್ಲ.

ಹೊಲಿಯುವ ವಿಧಾನ

ನಾನು ಪಟ್ಟಿಯನ್ನು ತವರೂರು ಗಜೇಂದ್ರಗಡಕ್ಕೆ ಹೋದಾಗ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ತಂದೆ. ಒಂದು ಅಂಗುಲ ಅಗಲದ್ದು ಮನೆಗೆಲಸಕ್ಕೆ ಸರಿ. ಹಿಂಬದಿಗೆ ಗೋಂದು ಇರುವುದನ್ನು ತರಬೇಡಿ. ಅದು ಮಷಿನ್ನಿನ ಸೂಜಿಗೆ ಮೆತ್ತಿಕೊಂಡು ದಾರ ಕಡಿಯುತ್ತದೆ.

1. ಕಟ್ಟಬೇಕಾದ ಸಾಮಾನಿನ ಸುತ್ತಳತೆ ತೆಗೆದುಕೊಳ್ಳಿ. ಅದಕ್ಕೆ 3 ಅಂಗುಲ ಕೂಡಿಸಿ ಮೆತ್ತನೆಯ ಪಟ್ಟಿ ಕತ್ತರಿಸಿ. ಮಿಕ್ಸರಿನ ವೈರಿಗೆ 8 ಅಂಗುಲ ಸಾಕು.

2. ಒರಟು ಪಟ್ಟಿ 2 ಅಂಗುಲ ಕತ್ತರಿಸಿ. ನಾಲ್ಕೂ ಮೂಲೆಗಳನ್ನು ಗುಂಡಗೆ ಮಾಡಿ, ಇಲ್ಲದಿದ್ದರೆ ಚುಚ್ಚುತ್ತವೆ.

3. ಮೆತ್ತನೆಯ ಪಟ್ಟಿಯ ಬೆನ್ನಿನ ಮೇಲೆ, ಒಂದು ತುದಿಗೆ, ಒರಟು ಪಟ್ಟಿಯನ್ನಿಟ್ಟು ನಾಲ್ಕೂ ಕಡೆ ಹೊಲಿಯಿರಿ. ಕೊಕ್ಕೆ ಹೊರಗೆ ಕಾಣುತ್ತಿರಬೇಕು. ಮೆತ್ತನೆಯ ಮುಖದ ಮೇಲೆಯೇ ಹೊಲಿದರೆ ಸುತ್ತಿದಾಗ ಹಿಡಿಯುವುದಿಲ್ಲ. ಮೊದಲ ಪಟ್ಟಿಗೆ ನಾನು ಮಾಡಿದ ತಪ್ಪು ಇದೇ!

4. ಇನ್ನೊಂದು ತುದಿಗೆ ಲಾಡಿಯ ತುಂಡಿನಿಂದ ಸಣ್ಣ ಕುಣಿಕೆ ಹೊಲಿಯಿರಿ. ವೈರನ್ನು ಅದರಲ್ಲಿ ಪೋಣಿಸಿಟ್ಟರೆ ಪಟ್ಟಿ ವೈರಿನಲ್ಲಿಯೇ ಉಳಿಯುತ್ತದೆ, ಹುಡುಕುವ ಕೆಲಸವಿಲ್ಲ.

ಮಷಿನ್ನು ಇಲ್ಲದವರು ಗಟ್ಟಿ ಸೂಜಿ ಮತ್ತು ಜೋಡಿ ದಾರದಿಂದ ಕೈಯಲ್ಲೂ ಹೊಲಿಯಬಹುದು.

ಎಲ್ಲೆಲ್ಲಿ ಉಪಯೋಗ?

ಸುತ್ತಿಟ್ಟ ಚಾಪೆ, ನವಲಗುಂದದ ಜಮಖಾನೆ, ಕೌದಿಗಳಿಗೆ ಎರಡೆರಡು ಉದ್ದ ಪಟ್ಟಿ. ಚೀಲದ ಬಾಯಿಗೆ ಚಿಕ್ಕ ಪಟ್ಟಿ. ಛತ್ರಿ, ಮಕ್ಕಳ ನಕಾಶೆಯ ಸುರುಳಿ, ಹೆಣಿಕೆಯ ಕಡ್ಡಿಗಳು, ಹಿತ್ತಲಿನ ಟೊಮ್ಯಾಟೊ ಗಿಡಕ್ಕೆ ಆಸರೆಯ ಕೋಲು. ಅತ್ತೆಯವರ ಕುಪ್ಪಸದ ಮುಂದಿನ ಗಂಟಿನ ಬದಲು ಒಳಗಡೆ ಚಿಕ್ಕ ಪಟ್ಟಿ ಹೊಲಿದೆ. ಒರಟು ಮುಖ ಮೈಗೆ ತಾಗದಂತೆ ಮೆತ್ತನೆಯ ಮುಖವನ್ನು ಮೈಕಡೆ ಇಡಬೇಕು.

ಒಗೆಯುವಾಗ ಪಟ್ಟಿಯನ್ನು ಮುಚ್ಚಿಯೇ ಒಗೆಯಿರಿ. ಬಿಚ್ಚಿ ಹಾಕಿದರೆ ಕೊಕ್ಕೆಗಳು ಇಳಕಲ್ಲ ಸೀರೆಯ ರೇಷ್ಮೆ ಸೆರಗಿಗೆ ಸಿಕ್ಕಿ ಎಳೆ ಎಳೆಯುತ್ತವೆ. ಇಸ್ತ್ರಿ ಹಾಕಬಾರದು, ಒಲೆಯ ಹತ್ತಿರ ಇಡಬಾರದು, ನೈಲಾನು ಕರಗುತ್ತದೆ. ಹಿಡಿತ ಸಡಿಲವಾಯಿತೆಂದು ಬಿಸಾಡಬೇಡಿ. ಕೊಕ್ಕೆಗಳ ನಡುವೆ ಕೂದಲು, ನೂಲು ತುಂಬಿರುತ್ತದೆ. ಪಿನ್ನಿನಿಂದ ಬಿಡಿಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಮತ್ತೆ ಹಿಡಿಯುತ್ತದೆ. ಮೆತ್ತನೆಯ ಮುಖದ ಕುಣಿಕೆಗಳೇ ಹರಿದಿದ್ದರೆ ಮಾತ್ರ ಪಟ್ಟಿ ಮುಗಿಯಿತೆಂದು ತಿಳಿಯಿರಿ.

ಜಾಗ್ರತೆಯ ಎರಡು ಮಾತು

ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೇಬಲ್ ಟೈ ಎಂಬ ಪ್ಲಾಸ್ಟಿಕ್ ಪಟ್ಟಿಯೂ ಸಿಗುತ್ತದೆ. ಅದಕ್ಕೆ ಗರಗಸದಂಥ ಹಲ್ಲು. ಬಿಗಿದರೆ ಬಿಗಿಯಿತು, ಕತ್ತರಿಸಿಯೇ ತೆಗೆಯಬೇಕು. ಒಮ್ಮೆ ವೈರಿಗೆ ಬಿಗಿದಿದ್ದ ಆ ಪಟ್ಟಿಯನ್ನು ಇಳಿಗೆಯಿಂದ ಕೊಯ್ಯಲು ಹೋಗಿ ವೈರಿನ ಹೊದಿಕೆಯನ್ನೂ ಸೀಳಿಬಿಟ್ಟೆ. ಒಳಗಿನ ತಾಮ್ರ ಕಂಡಿದ್ದು ನಮ್ಮ ಯಜಮಾನರ ಕಣ್ಣಿಗೆ. ನಾನು ಹಾಗೆಯೇ ಪ್ಲಗ್ಗು ಹಾಕುವವಳಿದ್ದೆ! ದಿನಾ ಬಿಚ್ಚಿ ಕಟ್ಟುವ ಸಾಮಾನಿಗೆ ಅಂಥ ಪಟ್ಟಿ ಬೇಡ. ಒಮ್ಮೆ ಕಟ್ಟಿ ಬಿಡುವ ಬೇಲಿ, ತಂತಿಗಳಿಗೆ ಅದು ಸರಿ. ನಾಲಿಗೆ ಒತ್ತಿದರೆ ಬಿಚ್ಚುವ ಜಾತಿಯೂ ಉಂಟು, ಕೇಳಿ ತನ್ನಿ.

ಇನ್ನೊಂದು ಮಾತು. ಉದ್ದದ ವೈರನ್ನು ಸುರುಳಿ ಸುತ್ತಿ ಪಟ್ಟಿ ಕಟ್ಟಿಟ್ಟುಕೊಂಡೇ ಅದರಿಂದ ಹೀಟರು, ಇಸ್ತ್ರಿಪೆಟ್ಟಿಗೆ ಓಡಿಸಬೇಡಿ. ಸುರುಳಿಯಲ್ಲಿ ಕಾವು ಹೊರಬೀಳದೆ ಹೊದಿಕೆ ಕರಗೀತು. ಬಳಸುವಾಗ ಪೂರ್ತಿ ಬಿಚ್ಚಿ, ಕೆಲಸ ಮುಗಿದು ಆರಿದ ಮೇಲೆ ಸುತ್ತಿ ಕಟ್ಟಿ. ಭಾರ ಎತ್ತಲು, ಮೋಟಾರ್ ಸೈಕಲ್ಲಿನ ಮೇಲೆ ಮೂಟೆ ಬಿಗಿಯಲು ಹಗ್ಗವೇ ಬೇಕು, ಈ ಪಟ್ಟಿ ಸಾಲದು. ಮಕ್ಕಳು ಆಟಕ್ಕೆ ಕೊರಳಿಗೆ ಸುತ್ತಿಕೊಳ್ಳದಂತೆಯೂ ನೋಡಿಕೊಳ್ಳಿ.

ಅತ್ತೆಯವರ ಗಂಟಿಗೆ ನಾನು ಮೂರು ಪಟ್ಟಿ ಹೊಲಿದೆ. ಎರಡು ಕೌದಿಗೆ, ಒಂದು ಬುತ್ತಿಗೆ. ತುದಿ ಹಿಡಿಯಲು ಸುಲಭವಾಗಲೆಂದು ಕೆಂಪು ಬಟ್ಟೆಯ ಕಿವಿಯನ್ನೂ ಇಟ್ಟೆ. ಎರಡು ದಿನ ಯಾರೂ ಇಲ್ಲದಾಗ ಕೋಣೆಯೊಳಗಿಂದ "ಚರ್ರ್, ಚರ್ರ್" ಸಪ್ಪಳ ಕೇಳುತ್ತಿತ್ತು. ಮೂರನೆಯ ದಿನ ಮುಂಜಾನೆ, "ನರಗುಂದದ ಬಸ್ ಎಷ್ಟೊತ್ತಿಗೈತಿ ನೋಡವಾ" ಎಂದರು.

ಎಂಟು ದಿನ ಬಿಟ್ಟು ಬಂದರು. ಕೌದಿಗೆ ಒಂದೇ ಪಟ್ಟಿ ಇತ್ತು. ಬುತ್ತಿಯದೂ ಇಲ್ಲ. ಬಸ್ಸಿನಲ್ಲಿ ಕಳೆಯಿತೇನೋ ಎಂದು ಕೇಳಿದೆ.

"ಕಳೀಲಿಲ್ಲವಾ, ಕೊಟ್ಟ ಬಂದೆ. ಆಕಿ ಬೆರಳೂ ನನ್ನಂಗ ಆಗ್ಯಾವ, ಮನ್ಯಾಗ ಯಾರಿಗೂ ಹೇಳಿಲ್ಲ. ಇನ್ನ ನಾಕ ಹೊಲದ ಕೊಡ" ಎಂದರು.

ನಿಮ್ಮ ಮನೆಯಲ್ಲಿಯೂ ಹಿರಿಯರು ಇತ್ತೀಚೆಗೆ ಎಲ್ಲಿಗೂ ಹೋಗಲೊಲ್ಲೆ ಎನ್ನುತ್ತಿದ್ದರೆ, ಅವರ ಬೆರಳುಗಳನ್ನೊಮ್ಮೆ ನೋಡಿರಿ.