ಭಟ್ಕಳದಲ್ಲಿ ಅರ್ಧ ದಿನ ನಡೆದರೆ

ರಜೆ ಬಂತೆಂದರೆ ಎಲ್ಲರೂ ಮುರ್ಡೇಶ್ವರಕ್ಕೆ ಓಡುತ್ತಾರೆ. ಪಕ್ಕದ ಭಟ್ಕಳದಲ್ಲಿ ಇಳಿಯುವವರು ಕಡಿಮೆ. ಮಕ್ಕಳೇ, ಮುಂದಿನ ಸಲ ಇಲ್ಲಿ ಇಳಿದು ನಡೆಯಿರಿ. ಬ್ಯಾಂಕಿನ ಕುರ್ಚಿಯಲ್ಲೇ ಆಯುಷ್ಯ ಕಳೆದ ನಾನು ಎಪ್ಪತ್ತು ದಾಟಿದ ಮೇಲೂ ಮೊಮ್ಮಕ್ಕಳ ಜೊತೆ ನಡೆಯುತ್ತೇನೆ.

ಮೊದಲು ಪೇಟೆಯಲ್ಲಿರುವ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಅಲ್ಲಿನ ಮಾನಸ್ತಂಭ ನೋಡಿದ ಮೇಲೆ ಮಾಡಿನತ್ತ ಕಣ್ಣು ಹಾಯಿಸಿ. ಅದು ಹಂಚಿನದಲ್ಲ, ಕಲ್ಲು ಚಪ್ಪಡಿಯದು. ಕರಾವಳಿಯ ಜಡಿಮಳೆ ಜಾರಿ ಹೋಗಲೆಂದು ನಮ್ಮ ಮನೆಗಳ ಮಾಡಿನಂತೆಯೇ ಇಳಿಜಾರಾಗಿ ಹೊದಿಸಿದ್ದಾರೆ.

ಮುಂದೆ ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ, 16ನೇ ಶತಮಾನದ್ದು. ಗೋಡೆಯಲ್ಲಿ ರಾಮಾಯಣದ ಪ್ರಸಂಗಗಳಿವೆ. ಫಲಕ ಓದುವ ಮೊದಲು ಯಾವ ಕಥೆಯೆಂದು ನೀವೇ ಗುರುತಿಸಿ. ನನ್ನ ಮೊಮ್ಮಗಳು ಹನುಮಂತನನ್ನು ಬಾಲದಿಂದಲೇ ಹಿಡಿದಳು!

ಇಷ್ಟೆಲ್ಲ ಕಟ್ಟಲು ಹಣ ಎಲ್ಲಿಂದ ಬಂತು? ವ್ಯಾಪಾರದಿಂದ. ಆಗ ಭಟ್ಕಳ ದೊಡ್ಡ ಬಂದರು. ವಿಜಯನಗರಕ್ಕೆ ಹೋಗುವ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಕಾಳುಮೆಣಸು, ಅಕ್ಕಿ ಹಡಗು ಹತ್ತುತ್ತಿದ್ದವು. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯೂ ಆ ಶತಮಾನದವಳೇ. ಅವಳ ಹೆಸರಿನೊಂದಿಗೆ ಬೆಸೆದ ಮಿರ್ಜಾನ್ ಕೋಟೆ ಕುಮಟಾ ತಾಲೂಕಿನಲ್ಲಿದೆ. ಹೊನ್ನಾವರ ದಾಟಿ ಹೋದರೆ ಅದನ್ನೂ ನೋಡಬಹುದು.

ಈ ಕಲ್ಲು ನಾಲ್ಕು ನೂರಕ್ಕೂ ಹೆಚ್ಚು ಮಳೆಗಾಲಗಳನ್ನು, ಉಪ್ಪುಗಾಳಿಯನ್ನು ತಾಳಿದೆ. ನಮ್ಮ ಮೊಳೆಯ ಗೀರನ್ನು ತಾಳುವುದು ಕಷ್ಟ. ಸಂರಕ್ಷಿತ ಸ್ಮಾರಕದ ಮೇಲೆ ಹೆಸರು ಗೀಚುವುದು ಅಪರಾಧವೂ ಹೌದು. ಹೆಸರು ಬರೆಯಲೇಬೇಕೆ? ಜೊತೆಗೊಂದು ನೋಟ್‌ಬುಕ್ ಒಯ್ಯಿರಿ. ಕಂಡ ಚಿತ್ರವನ್ನು ಅದರಲ್ಲಿ ಬಿಡಿಸಿ, ಕೆಳಗೆ ನಿಮ್ಮ ಹೆಸರು ಬರೆಯಿರಿ.